ಕೈಗೊಪ್ಪುವ ಬಿಲ್ಲೆ

ಹೊಳೆದಂಡೆಯ ಆ ಆಶ್ರಮದಲ್ಲಿ ಜಪತಪಕ್ಕಿಂತ ಬಿಲ್ಲೆಯಾಟವೇ ಹೆಚ್ಚು. ಪೇಟೆಯವರು ಅದನ್ನು ಡಿಸ್ಕ್ ಗಾಲ್ಫ್ ಅನ್ನುತ್ತಾರೆ. ದೂರದಿಂದ ತಟ್ಟೆಯಗಲದ ಬಿಲ್ಲೆ ಎಸೆಯುತ್ತ ಬಂದು, ಕೊನೆಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಸರಪಳಿ ಇಳಿಬಿಟ್ಟ ಬುಟ್ಟಿಗೆ ಅದನ್ನು ಹಾಕಬೇಕು. ಆ ಕೊನೆಯ ಎಸೆತಕ್ಕೆಂದೇ ಬೇರೆ ಬಿಲ್ಲೆ ಇರುತ್ತದೆ. ಸೋಲು ಗೆಲುವು ಎಲ್ಲ ಅದರ ಮೇಲೆ.

ಕಾಳಿಂಗ ಅಲ್ಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ತಾನೂ ಕಲಿಸುವವನಾಗಬೇಕು ಎಂಬುದೊಂದೇ ಅವನ ಆಸೆ. ಅದಕ್ಕೆ ಗುರುಗಳ ಅಪ್ಪಣೆ ಬೇಕು, ಅಪ್ಪಣೆಗೆ ಹತ್ತಕ್ಕೆ ಹತ್ತು ಎಸೆತ ಬುಟ್ಟಿಗೆ ಬೀಳಬೇಕು. ವರ್ಷಕ್ಕೆ ಒಂದೇ ಸಲ ಪರೀಕ್ಷೆ.

ಆ ಬೆಳಿಗ್ಗೆಯ ಪರೀಕ್ಷೆಯಲ್ಲಿ ಅವನ ಎಸೆತಗಳಲ್ಲಿ ಬುಟ್ಟಿಗೆ ಬಿದ್ದದ್ದು ಏಳು. ಹೋದ ವರ್ಷವೂ ಏಳು. ಅದರ ಹಿಂದಿನ ವರ್ಷವೂ ಏಳೇ.

"ಅಜ್ಜಾರ, ನನಗ ಬ್ಯಾರೆ ಬಿಲ್ಲಿ ಕೊಡ್ರಿ," ಅಂದ.

ಗುರು ನಿರ್ವಾಣಯ್ಯನವರು ಕಟ್ಟೆಯ ಮೇಲೆ ಕೂತಿದ್ದರು. "ಕುಣಿಲಾರದಾಕಿ ನೆಲ ಡೊಂಕು ಅಂದಳಂತ," ಅಂದರು.

ಸುತ್ತ ಇದ್ದವರು ನಕ್ಕರು. ಕಾಳಿಂಗನೂ ನಕ್ಕ. ಗುರು ಗಾದೆ ಹೇಳಿದರೆ ಶಿಷ್ಯ ನಗಲೇಬೇಕು, ಅದು ತನ್ನ ಮೇಲೇ ಆದರೂ.

ಅವನ ಕೈಯಲ್ಲಿದ್ದ ಬಿಲ್ಲೆ ಗುರುಗಳೇ ಕೊಟ್ಟದ್ದು. ದಪ್ಪ ಅಂಚು, ಮೆತ್ತಗೆ, ಭಾರ. ಮಣಿಕಟ್ಟು ಅಲ್ಲಾಡಿಸದೆ ತೋಳಿನಿಂದ ತಳ್ಳಬೇಕಾದದ್ದು. ಗುರುಗಳ ಎಸೆತವೇ ಹಾಗೆ. ಹರೆಯದಲ್ಲಿ ದೋಣಿಯ ಹಗ್ಗಕ್ಕೆ ಸಿಕ್ಕಿ ಅವರ ಮಣಿಕಟ್ಟು ಮುರಿದಿತ್ತು, ಮತ್ತೆ ತಿರುಗಲಿಲ್ಲ. ಆ ತಿರುಗದ ಕೈಯಿಂದಲೇ ಅವರು ಸೀಮೆಗೆಲ್ಲ ಹೆಸರಾದರು.

ಕಾಳಿಂಗನ ಮಣಿಕಟ್ಟಿಗೆ ಏನೂ ಆಗಿರಲಿಲ್ಲ. ಬಂದ ಹೊಸದರಲ್ಲಿ ಅದು ತಿರುಗದಂತೆ ಗುರುಗಳೇ ಬಿದಿರಿನ ಸೀಳಿಟ್ಟು ಕಟ್ಟಿದ್ದರು. ಎರಡು ವರ್ಷ ಅವನು ಅದನ್ನು ಪ್ರಸಾದವೆಂದೇ ಕಟ್ಟಿಕೊಂಡು ತಿರುಗಿದ್ದ.

ಮಧ್ಯಾಹ್ನ ಹೊಸಬಳೊಬ್ಬಳು ಕಲಿಯಲು ಬಂದಳು. ಹೆಸರು ನೀಲಗಂಗಾ, ಬಸ್ಸಿನಲ್ಲಿ ಕಂಡಕ್ಟರ್. ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ ಬಿಲ್ಲೆಗಳನ್ನು ನೋಡಿ ಕಕ್ಕಾಬಿಕ್ಕಿಯಾದಳು.

"ಇದರಾಗ ಯಾವ್ದು ತಗೊಳ್ಲಿರಿ, ಅಜ್ಜಾರ?"

"ಮೊದಲ ಊಟಾ ಮಾಡು."

ಉಂಡು ಎದ್ದಳು. ಗುರುಗಳು ತಾವೇ ತಂಬಿಗೆ ಹಿಡಿದು ಅವಳ ಕೈಗೆ ನೀರು ಹಾಕಿದರು. ಒರೆಸಲು ಬಟ್ಟೆ ಕೊಡಲಿಲ್ಲ. ಅವಳು ಅತ್ತ ಇತ್ತ ನೋಡಿ ಕೈ ಝಾಡಿಸಿದಳು. ಮಣಿಕಟ್ಟು ಚಟಕ್ಕನೆ ತಿರುಗಿತು, ಹನಿಗಳು ದೂರ ಸಿಡಿದವು.

ಗುರುಗಳು ಹಲಗೆಯಿಂದ ಒಂದು ತೆಳ್ಳನೆಯ ಗಟ್ಟಿ ಬಿಲ್ಲೆ ತೆಗೆದರು.

"ಇದು ನಿಂದು. ತಿರುವೊ ಕೈಗೆ ಇಂಥಾದ್ದ ಬೇಕು, ಬೆರಳಿಂದ ತಾನ ಜಾರತೈತಿ."

"ತಿರುವೊ ಕೈ ಅಲ್ಲದಿದ್ರರಿ?"

"ತಳ್ಳೊ ಕೈಗೆ ದಪ್ಪಂದು. ಕೈ ನೋಡಿ ಬಿಲ್ಲಿ ಕೊಡಬೇಕವ್ವಾ. ಬಿಲ್ಲಿಗಾಗಿ ಕೈ ಮುರೀಬಾರದು."

ನೀಲಗಂಗಾ ಐದು ಸಲ ಎಸೆದಳು. ಮೊದಲ ದಿನವೇ ಮೂರು ಬಿದ್ದವು.

ಆಚೆ ನಿಂತು ಎಲ್ಲ ನೋಡುತ್ತಿದ್ದ ಕಾಳಿಂಗನ ಹೊಟ್ಟೆ ಉರಿಯಿತು. ಹಿಂದೆಯೇ ಒಂದು ನೆನಪು ಬಂತು. ತಾನು ಬಂದ ದಿನವೂ ಗುರುಗಳು ಹೀಗೇ ತಂಬಿಗೆ ಹಿಡಿದಿದ್ದರು. ಅವತ್ತೂ ಬಟ್ಟೆ ಕೊಟ್ಟಿರಲಿಲ್ಲ.

ಅವಳು ಬಿಲ್ಲೆ ಹೆಕ್ಕಲು ಆಚೆ ಹೋದಾಗ ಅವನು ಗುರುಗಳ ಹತ್ತಿರ ಬಂದ.

"ಅಜ್ಜಾರ, ನಾ ಬಂದ ದಿನ ನನ್ನ ಕೈ ನೋಡಿದ್ರೇನ್ರಿ?"

"ನೋಡಿದ್ದೆ."

"ಹೆಂಗಿತ್ತರಿ?"

"ಹನಿ ಆ ಗ್ವಾಡಿ ತನಕಾ ಹಾರಿದ್ವು. ಅಂಥಾ ಮಣಿಕಟ್ಟು ಅದಕ್ಕೂ ಮೊದಲ ಕಂಡಿರಲಿಲ್ಲ, ಆಮ್ಯಾಲೂ ಕಂಡಿಲ್ಲ."

"ಮತ್ತ ಈ ದಪ್ಪಂದು ಯಾಕ ಕೊಟ್ರಿ? ಬಿದಿರು ಯಾಕ ಕಟ್ಟಿದ್ರಿ?"

ಗುರುಗಳು ತಮ್ಮ ತಿರುಗದ ಮಣಿಕಟ್ಟನ್ನು ಸವರಿಕೊಂಡರು.

"ನನ್ನ ಎಸೆತ ನನ್ನ ಜೋಡೀನ ಮಣ್ಣಾಗತೈತಿ ಅಂತ ಅಂಜಿಕಿ ಬಂದಿತ್ತು. ಆ ಎಸೆತಾನ ಯಾರರೆ ಮುಂದ ಹೊರಬೇಕಾಗಿತ್ತು. ನೀ ಹೇಳಿದ್ದಕ್ಕೆಲ್ಲಾ ಹೂಂ ಅನ್ನಾಂವ ಇದ್ದಿ."

ಕಾಳಿಂಗನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಹೂಂ ಅಂದದ್ದು ನಿಜವೇ ಆಗಿತ್ತು, ಒಂಬತ್ತು ವರ್ಷ, ಒಂದು ದಿನ ತಪ್ಪದಂತೆ.

ದಪ್ಪ ಬಿಲ್ಲೆಯನ್ನು ಅವನು ನೆಲಕ್ಕೆ ಬಿಸಾಕಿದ. ಗುರುಗಳ ಮುಂದೆ ಹಾಗೆ ಮಾಡಿದ್ದು ಅದೇ ಮೊದಲು. ಹಲಗೆಯಿಂದ ಹತ್ತು ತೆಳ್ಳನೆಯ ಬಿಲ್ಲೆಗಳನ್ನು ಬಾಚಿಕೊಂಡು ಹೋಗಿ ಬುಟ್ಟಿಯ ಎದುರು ನಿಂತ.

ಮೊದಲನೆಯದು ಬುಟ್ಟಿ ಮುಟ್ಟುವ ಮೊದಲೇ ಮಗುಚಿ ಬಿತ್ತು. ಎರಡನೆಯದು ಪಕ್ಕಕ್ಕೆ ವಾಲಿತು. ಅವನು ಮಣಿಕಟ್ಟಿಗೆ ತಿರುಗು ಎಂದ, ಬಾಯಿಬಿಟ್ಟೇ ಅಂದ. ಅದು ತಾನು ಕಲಿತದ್ದನ್ನೇ ಮಾಡಿತು. ಐದನೆಯದು ಉರುಳಿಕೊಂಡು ಹೊಳೆಗೆ ಹೋಯಿತು. ನೀಲಗಂಗಾ ನೋಡಲಾಗದೆ ತಲೆ ತಗ್ಗಿಸಿದಳು.

ಹತ್ತೂ ಮುಗಿದವು. ಸರಪಳಿ ಒಂದು ಸಲವೂ ಸದ್ದು ಮಾಡಲಿಲ್ಲ.

ಅವನು ತಿರುಗಿ ಬಂದು ಕಟ್ಟೆಯ ಮುಂದೆ ಕೈ ಚಾಚಿ ನಿಂತ.

"ಇದನ್ನ ತಿದ್ದಿ ಕೊಡ್ರಿ, ಅಜ್ಜಾರ. ಕೆಡಿಸಿದಾವ್ರು ನೀವ. ಇಲ್ಲಂದ್ರ ಏಳರಾಗ ನನ್ನ ಜನ್ಮಾ ಮುಗೀತೈತಿ."

ನಿರ್ವಾಣಯ್ಯನವರು ಕಟ್ಟೆಯಿಂದ ಇಳಿದರು. ಮುಖ ಎತ್ತಿ ಅವನನ್ನು ನೋಡಲಿಲ್ಲ. ನೆಲಕ್ಕೆ ಬಿದ್ದಿದ್ದ ದಪ್ಪ ಬಿಲ್ಲೆಯನ್ನು ಎತ್ತಿ, ಧೋತರದ ಚುಂಗಿನಿಂದ ಮಣ್ಣು ಒರೆಸಿ, ಚಾಚಿದ ಕೈಯಲ್ಲಿಟ್ಟರು.

"ಈಗ ನಿನ್ನ ಕೈಗೆ ಒಪ್ಪೂದು ಇದೊಂದ ಐತಿ, ತಮ್ಮಾ."