ಸುಣ್ಣದ ಗೆರೆಯ ಬಂಗಲೆ

ತೊಟ್ಟಿಮನೆಯಲ್ಲಿ ಹುಟ್ಟಿ ಬೆಳೆದ ದೊಡ್ಡ ಮನುಷ್ಯರಿಗೆಲ್ಲ ಬಂಗಲೆಯ ಹುಚ್ಚು ಹಿಡಿದಿದ್ದ ಕಾಲ ಅದು. ಆ ಹುಚ್ಚಿಗೆ ಮದ್ದು ಇದ್ದದ್ದು ಕಾವೇರಿ ದಂಡೆಯಲ್ಲಿ ವಾಸವಾಗಿದ್ದ ನರಹರಿ ಆಚಾರ್ಯರ ಹತ್ತಿರ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಆಚಾರ್ಯರಿಗೆ ಹೆಂಡತಿಯೂ ಇಲ್ಲ, ಮಕ್ಕಳೂ ಇಲ್ಲ. ಹಾಗಾಗಿ ಗಾದೆಯ ಮೊದಲರ್ಧವನ್ನೇ ಅರವತ್ತು ಸಲ ನೋಡಿದ್ದರು.

ಅವರ ಶಿಷ್ಯ ಲಕ್ಷ್ಮೀಪತಿ. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಬಂದು ಐದು ವರ್ಷದಿಂದ ಗುರುಗಳ ಬಳಿ ನಕ್ಷೆ ಬರೆಯುತ್ತಿದ್ದ. ತನ್ನದೇ ಹೆಸರಿನಲ್ಲಿ ಒಂದು ಬಂಗಲೆ ಕಟ್ಟಬೇಕೆಂಬುದು ಅವನ ಆಸೆ. ಗುರುಗಳ ಅಪ್ಪಣೆಯಿಲ್ಲದೆ ಹೊರಡಲು ಮನಸ್ಸು ಒಪ್ಪುತ್ತಿರಲಿಲ್ಲ.

ಒಂದು ದಿನ ಆಚಾರ್ಯರು ಹೇಳಿದರು: "ಅಮಲ್ದಾರ್ ಶಾಮಣ್ಣನೋರ ಬಂಗಲೆ ನೀನೇ ಬರಿ. ಅದು ಸರಿಹೋದ್ರೆ ನಿನ್ನ ದಾರಿ ನಿನಗೆ."

ಲಕ್ಷ್ಮೀಪತಿ ಮೂರು ತಿಂಗಳು ಊಟ ನಿದ್ದೆ ಮರೆತು ಬರೆದ. ಮುಂದೆ ಅಗಲವಾದ ಜಗಲಿ, ಕಮಾನುಗಳು, ಎಡಕ್ಕೊಂದು ಬಲಕ್ಕೊಂದು ಅರ್ಧಚಂದ್ರಾಕಾರದ ಕೋಣೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಬೇಕು, ಹಾಗಿತ್ತು.

"ತಪ್ಪೇನಾದ್ರೂ ಇದೆಯಾ, ಗುರುಗಳೇ?"

ಆಚಾರ್ಯರು ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಕಾಗದದ ಮೇಲೆ ಇಲ್ಲ. ಇದನ್ನ ನೆಲದ ಮೇಲೆ ಬರಿ."

ಅದು ಆಚಾರ್ಯರ ಪದ್ಧತಿ. ಪಾಯ ತೆಗೆಯುವ ಮುಂಚೆ ಇಡೀ ನಕ್ಷೆಯನ್ನು ನಿವೇಶನದಲ್ಲಿ ಸುಣ್ಣದ ಪುಡಿಯಿಂದ ಪೂರ್ತಿ ಅಳತೆಗೆ ಬರೆಸುತ್ತಿದ್ದರು. ಮನೆಯವರು ಬಂದು ಒಂದು ದಿನ ಆ ಗೆರೆಗಳೊಳಗೆ ಸಂಸಾರ ಮಾಡಬೇಕು. ಗೆರೆಯೇ ಗೋಡೆ, ಬಾಗಿಲು ಬಿಟ್ಟಲ್ಲಿ ಮಾತ್ರ ದಾಟಬೇಕು.

ಶಾಮಣ್ಣನವರ ಸಂಸಾರ ಬೆಳಗ್ಗೆಯೇ ಗಾಡಿಯಲ್ಲಿ ಹೊಳೆದಂಡೆಯ ನಿವೇಶನಕ್ಕೆ ಬಂದಿಳಿಯಿತು. ಅಮಲ್ದಾರರು ಪೂರ್ವದ ಅರ್ಧಚಂದ್ರದೊಳಗೆ ಕುರ್ಚಿ ಹಾಕಿಸಿಕೊಂಡು ಕಾಗದಪತ್ರ ಹರಡಿದರು. ಅವರನ್ನು ಕಾಣಲು ಬಂದ ನಾಲ್ಕಾರು ಜನ ಇಲ್ಲದ ಜಗಲಿಯ ಮೇಲೆ ಗಂಭೀರವಾಗಿ ಕೂತರು. ಪಶ್ಚಿಮದ ಮೂಲೆಯ ಅಡುಗೆಮನೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹಚ್ಚಿದವರು ಅಮಲ್ದಾರರ ವಿಧವೆ ಅಕ್ಕ, ವೆಂಕಮ್ಮನವರು.

ಮಕ್ಕಳು ಗೆರೆ ದಾಟಿದರು. ಅಮಲ್ದಾರರ ಹೆಂಡತಿ ದಾಟಿದರು. ಅಮಲ್ದಾರರೇ ನಶ್ಯದ ಡಬ್ಬಿಗಾಗಿ ಎರಡು ಸಲ ಗೋಡೆಯೊಳಗಿಂದ ನಡೆದುಹೋದರು. ಲಕ್ಷ್ಮೀಪತಿ ಸುಣ್ಣದ ಬುಟ್ಟಿ ಹಿಡಿದು ಅಳಿಸಿದ ಗೆರೆಗಳನ್ನು ಮತ್ತೆ ಎಳೆದೂ ಎಳೆದೂ ಸುಸ್ತಾದ.

"ಯಾರಿಗೂ ಈ ಮನೆ ಅರ್ಥವಾಗ್ಲಿಲ್ಲ ಗುರುಗಳೇ. ವೆಂಕಮ್ಮನೋರು ಒಬ್ಬರೇ ನೋಡಿ, ಒಂದು ಸಲಾನೂ ಗೆರೆ ತುಳಿದಿಲ್ಲ!"

ಮರದಡಿ ಕೂತಿದ್ದ ಆಚಾರ್ಯರು ಕೇಳಿದರು: "ಬಾವಿ ಎಲ್ಲಿದೆ?"

"ಪೂರ್ವದಲ್ಲಿ."

"ಹೊಳೇಲಿ ಮುಳುಗಿ ಬಾ. ಒದ್ದೆ ಪಂಚೇಲಿ ಒಂದು ಕೊಡ ಮಡಿನೀರು ಸೇದಿ ಅಡುಗೆಮನೆಗೆ ತಲುಪಿಸು. ಗೆರೆ ದಾಟಬೇಡ, ಯಾರನ್ನೂ ಮುಟ್ಟಬೇಡ."

ಇದೆಂಥ ಪಾಠ ಎಂದು ಗೊಣಗುತ್ತಲೇ ಲಕ್ಷ್ಮೀಪತಿ ಮುಳುಗಿ ಬಂದ.

ಮನೆಯೊಳಗಿನ ದಾರಿ ಇದ್ದದ್ದು ಒಂದೇ, ಜಗಲಿಯ ಮೇಲೆ. ಕೊಡ ಹೊತ್ತು ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಚಪ್ಪಲಿ ಮೆಟ್ಟಿಕೊಂಡಿದ್ದ ಪಟೇಲರೊಬ್ಬರು ಎದ್ದು "ಏನ್ ಸ್ವಾಮಿ, ನೀವ್ಯಾಕೆ ನೀರು ಹೊರ್ತೀರಿ?" ಎಂದು ಅಕ್ಕರೆಯಿಂದ ಭುಜ ಮುಟ್ಟಿದರು. ಮಡಿ ಹೋಯಿತು, ನೀರೂ ಕೆಲಸಕ್ಕೆ ಬಾರದಾಯಿತು.

ಮತ್ತೆ ಹೊಳೆ, ಮತ್ತೆ ಬಾವಿ. ಈ ಸಲ ಮನೆಯ ಹಿಂದೆ ಸುತ್ತಿಕೊಂಡು ಹೊರಟ. ಬಿಸಿಲಿಗೆ ಕಾದ ಕಲ್ಲು, ನೆಗ್ಗಿಲಮುಳ್ಳು. ಕಾಗದದ ಮೇಲೆ ಗೇಣುದ್ದ ಇದ್ದ ಮನೆ ಮುಗಿಯುತ್ತಲೇ ಇಲ್ಲ! ಅಡುಗೆಮನೆ ತಲುಪಿದಾಗ ಕೊಡದಲ್ಲಿ ಅರ್ಧ ನೀರಿತ್ತು, ಅಂಗಾಲಲ್ಲಿ ಮುಳ್ಳಿತ್ತು.

ಆ ದಾರಿಯ ಮಣ್ಣಿನ ತುಂಬ ಬರಿಗಾಲಿನ ಹೆಜ್ಜೆಗಳಿದ್ದವು. ಬೆಳಗಿನಿಂದ ವೆಂಕಮ್ಮ ನಡೆದಿದ್ದ ಹೆಜ್ಜೆಗಳು.

ಲಕ್ಷ್ಮೀಪತಿಗೆ ನಾಚಿಕೆಯಾಯಿತು. ಅವನ ತಾಯಿಯೂ ಮಡಿನೀರು ಹೊತ್ತವರೇ. ಆ ನೀರಿನ ಅನ್ನ ಉಂಡೇ ಅವನು ಪುಣೆಗೆ ಹೋದದ್ದು. ಅದು ಎಲ್ಲಿಂದ ಬರುತ್ತದೆಂದು ಒಂದು ದಿನವೂ ತಿರುಗಿ ನೋಡಿರಲಿಲ್ಲ.

"ಅಮ್ಮಾ, ಇಷ್ಟು ದೂರ ಅಂತ ನೀವು ಯಾಕೆ ಹೇಳಲಿಲ್ಲ?"

ವೆಂಕಮ್ಮ ಹೊಗೆಗೆ ಕಣ್ಣೊರೆಸಿಕೊಂಡರು. "ಕೇಳಿದ್ರೆ ಹೇಳ್ತಿದ್ದೆ ಕಣಪ್ಪ. ಮನೆ ಕಟ್ಟಿಸೋವಾಗ ನನ್ನನ್ನ ಯಾರು ಕೇಳ್ತಾರೆ?"

"ನಾನು ಕೇಳ್ತಿದೀನಿ. ಅಡುಗೆಮನೆ ಎಲ್ಲಿರಬೇಕು?"

ವೆಂಕಮ್ಮ ತಮ್ಮನ ಕಡೆ ನೋಡಿದರು. ತಮ್ಮ ಕಾಗದದಿಂದ ತಲೆಯೆತ್ತಿದ್ದರು. ಆಕೆ ನಿಧಾನವಾಗಿ ಬಾವಿಯ ಕಡೆ ನಡೆದು, ಸರಿಯಾಗಿ ಅಮಲ್ದಾರರ ಅರ್ಧಚಂದ್ರದ ಅಂಚಿಗೆ ಬಂದು ನಿಂತರು.

"ಇಲ್ಲಿ. ಕಿಟಕಿಯಿಂದ ಕೈ ಚಾಚಿದ್ರೆ ಹಗ್ಗ ಸಿಗೋ ಹಾಗೆ. ಮತ್ತೆ..." ಎಂದು ತಡೆದರು.

"ಹೇಳಿ ಅಮ್ಮಾ."

"ಒಲೆ ಮುಂದೆ ಕೂತ್ರೆ ಹೊಳೆ ಕಾಣೋ ಹಾಗೆ ಒಂದು ಕಿಟಕಿ. ಗೋಡೆ ನೋಡ್ಕೊಂಡೇ ಮೂವತ್ತು ವರ್ಷ ಆಯ್ತು."

ಅಮಲ್ದಾರರ ಮುಖ ಸಣ್ಣದಾಯಿತು. ಆ ಕೋಣೆಯ ಮೇಲೆ ಅವರಿಗೆ ಬಹಳ ಆಸೆಯಿತ್ತು. ಆಮೇಲೆ ಯಾರನ್ನೂ ಕರೆಯದೆ ತಾವೇ ಕುರ್ಚಿ ಎತ್ತಿಕೊಂಡು ಪಶ್ಚಿಮದ ಕಡೆ ಹೊರಟರು.

ಲಕ್ಷ್ಮೀಪತಿ ಪೂರ್ವದ ಅರ್ಧಚಂದ್ರವನ್ನು ತನ್ನ ಕೈಯಾರೆ ಅಳಿಸಿದ. ಮೂರು ತಿಂಗಳ ಶ್ರಮ ಅದು. ಆದರೂ ವೆಂಕಮ್ಮ ಹೇಳಿದಂತೆ ಸುಣ್ಣ ಎಳೆಯುತ್ತ ಹೋದ ಹಾಗೆ ಕೈ ತಾನಾಗಿಯೇ ಹಗುರವಾಯಿತು. ಆಕೆಗಂತೂ ಮಾತು ನಿಲ್ಲಲೇ ಇಲ್ಲ. ಸೌದೆ ಎಲ್ಲಿಡಬೇಕು, ಹೊಗೆ ಎತ್ತ ಹೋಗಬೇಕು, ಬಾಣಂತಿಗೆ ಯಾವ ಕೋಣೆ ಬೆಚ್ಚಗೆ, ಎಲ್ಲ ಬಂತು. ಪುಣೆಯಲ್ಲಿ ಯಾರೂ ಅವನಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಹೊತ್ತು ಇಳಿಯಿತು. ಗಾಡಿ ಹೊರಟಿತು. ಲಕ್ಷ್ಮೀಪತಿ ಸುಣ್ಣದ ಕೈಯಲ್ಲೇ ಗುರುಗಳ ಮುಂದೆ ನಿಂತ.

"ಬಂಗಲೆ ಒಕ್ಕಣ್ಣಾಯ್ತು ಗುರುಗಳೇ. ರಸ್ತೇಲಿ ಯಾರೂ ನಿಂತು ನೋಡಲ್ಲ."

"ನೋಡದಿದ್ರೆ ಬೇಡ. ಒಳಗೆ ಇರೋರು?"

"ವೆಂಕಮ್ಮನೋರು ಹೋಗೋವಾಗ ಗಾಡಿಯಿಂದ ತಿರುಗಿ ತಿರುಗಿ ನೋಡ್ತಿದ್ರು." ಅವನು ತನ್ನ ಸುಣ್ಣದ ಕೈ ನೋಡಿಕೊಂಡ. "ಆದ್ರೆ ನನ್ನ ನಕ್ಷೆ ಸರಿಹೋಗಲಿಲ್ಲ. ಇನ್ನೆಷ್ಟು ವರ್ಷ ನಿಮ್ಮ ಹತ್ತಿರ ಕಲೀಬೇಕು?"

ಆಚಾರ್ಯರು ಎದ್ದು ಪಂಚೆಯ ಮಣ್ಣು ಕೊಡವಿಕೊಂಡರು.

"ನಾಳೇನೇ ಹೊರಡು. ಇನ್ನು ಮೇಲೆ ನಿನಗೆ ಮನೆಗೊಬ್ಬರು ಗುರುಗಳು. ಜಗಲಿ ಮೇಲೆ ಹುಡುಕಬೇಡ, ಹಿತ್ತಿಲ ಬಾಗಿಲಲ್ಲಿ ನಿಂತು ಕೇಳು."