ಬೂದುಗುಂಬಳದ ಕಾವಲು

ಬಂಡೆಯ ಮೇಲೆ ಕಟ್ಟಿದ ಹೊಸ ಮನೆ. ಅದರ ಬಾಗಿಲಿಗೆ ದೃಷ್ಟಿ ತಾಗದಿರಲೆಂದು ಕಟ್ಟಿದ್ದ ಬೂದುಗುಂಬಳಕಾಯಿ, ನೆಲದಡಿಯಿಂದ ಮಾಳಿಗೆಯ ಮೇಲಕ್ಕೆ ಹೋಗಿದ್ದ ಪೈಪನ್ನು ಕೇಳಿತು: "ಮನೆ ಕಾಯಲು ನಾನಿದ್ದೇನೆ. ನಿನಗೇನು ಕೆಲಸ?"

"ಈ ಬಂಡೆಯಿಂದ ರೇಡಾನ್ ಎಂಬ ವಿಷದ ಗಾಳಿ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶಕ್ಕೆ ಕ್ಯಾನ್ಸರ್ ತರಬಲ್ಲದು. ಮನೆಗೆ ಸೇರುವ ಮೊದಲೇ ಅದನ್ನು ಆಕಾಶಕ್ಕೆ ಬಿಡುತ್ತೇನೆ."

"ನನ್ನನ್ನು ದಾಟಿ ಈ ಬಾಗಿಲೊಳಗೆ ಯಾವುದೂ ಬರಲಾರದು."

"ಅದು ಬಾಗಿಲಿಗೆ ಬರುವುದೇ ಇಲ್ಲ" ಎಂದಿತು ಪೈಪು.

ಗೃಹಪ್ರವೇಶದ ಹಿಂದಿನ ದಿನ ಮನೆಯೊಡತಿ ಪಂಕಜಾಕ್ಷಿ ತನ್ನ ಮಗುವನ್ನು ಎತ್ತಿಕೊಂಡು ಬಂದು ಮೇಸ್ತ್ರಿಯನ್ನು ಕರೆದಳು. "ಗಂಗುಲಪ್ಪ, ಈಶಾನ್ಯ ಮೂಲೇಲಿ ಪೈಪ್ ಇರಬಾರದಂತೆ. ಅಲ್ಲಿ ದೇವರನ್ನ ಇಡಬೇಕು. ತೆಗೆದುಬಿಡಿ."

"ಅಮ್ಮಾ, ಇದನ್ನ ಮುಟ್ಟಲೇಬೇಡಿ ಅಂದಿದ್ರು ಇಂಜಿನಿಯರು."

"ಅವರೇನು ಬಂದು ಇಲ್ಲಿ ಇರ್ತಾರಾ?"

ಗಂಗುಲಪ್ಪ ಪೈಪನ್ನು ನೆಲದ ಮಟ್ಟಕ್ಕೆ ಕುಯ್ದು, ಬಾಯಿಗೆ ಸಿಮೆಂಟು ಮೆತ್ತಿದ.

ಮರುದಿನ ಒಲೆಯ ಮೇಲೆ ಹಾಲು ಉಕ್ಕಿತು, ಬಂಧುಗಳು ಉಂಡು ಹೋದರು. "ಕೆಟ್ಟದ್ದೇನೂ ಒಳಗೆ ಬರಲಿಲ್ಲ" ಎಂದು ಕುಂಬಳಕಾಯಿ ಬೀಗಿತು.

"ಚೆನ್ನಾಗಿ ಕಾದೆ" ಎಂದಿತು ಒಂದು ದನಿ, ಮನೆಯ ಒಳಗಿನಿಂದ.

ಕುಂಬಳಕಾಯಿ ಕೂಗಿತು: "ಯಾರು? ಯಾವಾಗ ಬಂದೆ?"

"ಹಾಲು ಉಕ್ಕುವಾಗ, ನೆಲದ ಬಿರುಕಿನಿಂದ."

"ಈಗ ಏನು ಮಾಡುವೆ?"

"ಇವತ್ತು ಏನೂ ಇಲ್ಲ. ನನಗೆ ಅವಸರವಿಲ್ಲ. ಮಗು ಈಗಷ್ಟೇ ಅಂಬೆಗಾಲಿಡುತ್ತಿದೆ."

ಕುಂಬಳಕಾಯಿ ಒಳಗೆ ತಿರುಗಲು ಹೆಣಗಿತು. ಹಗ್ಗ ಅದರ ಮುಖವನ್ನು ಬೀದಿಯ ಕಡೆಗೇ ಬಿಗಿದಿತ್ತು. ಅಷ್ಟರಲ್ಲಿ ಪಂಕಜಾಕ್ಷಿ, "ಗಾಳಿ ಬೀಸ್ತಿದೆ, ಮಗೂಗೆ ಶೀತ ಆಗುತ್ತೆ" ಎನ್ನುತ್ತ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದಳು.