ಕಾಗೆ ಆಡಿದ ಹದ್ದಿನಾಟ
ಹದ್ದು ಬಂದರೆ ಅವಿತುಕೊಳ್ಳುವುದನ್ನು ಮರಿಗಳಿಗೆ ಕಲಿಸಬೇಕೆಂದು ತಾಯಿಕೋಳಿಯೊಂದು ಕಾಗೆಯನ್ನು ಕರೆದು, "ಸ್ವಲ್ಪ ಹೊತ್ತು ನೀನೇ ಹದ್ದಾಗು ಕಾಗಣ್ಣ" ಎಂದಿತು. ಕಾಗೆ ಕಾ ಕಾ ಎನ್ನುತ್ತ ಎರಗಿತು. ಮರಿಗಳೆಲ್ಲ ಓಡಿಬಂದು ತಾಯಿಯ ರೆಕ್ಕೆಯಡಿ ಸೇರಿಕೊಂಡವು.

"ನೋಡಿದೆಯಾ, ಒಂದೇ ಸಲಕ್ಕೆ ಕಲಿತುಬಿಟ್ಟವು" ಎಂದು ಕಾಗೆ ಬೀಗಿತು.

"ಕಲಿತದ್ದು ನಿನ್ನ ಕೂಗನ್ನ ಕಣಣ್ಣ. ಹದ್ದು ಕೂಗಿಕೊಂಡು ಬರೋದಿಲ್ಲ, ಮೊದಲು ಅದರ ನೆರಳು ಬರುತ್ತೆ ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಾಳೆ. ಬಾಯಿ ಮುಚ್ಚಿಕೊಂಡು ಬಿಸಿಲಿಗೆ ಅಡ್ಡವಾಗಿ ಬಾ" ಎಂದಿತು ತಾಯಿಕೋಳಿ.

"ಆಟಕ್ಕೂ ಇಷ್ಟೊಂದು ಕಟ್ಟಳೆಯೇ?" ಎಂದು ಗೊಣಗಿದ ಕಾಗೆ ಸದ್ದಿಲ್ಲದೆ ಹಾರಿಬಂತು. ಒಂದು ಮರಿಯೂ ಕಾಳು ಬಿಟ್ಟು ತಲೆಯೆತ್ತಲಿಲ್ಲ. ನೆರಳು ಕಂಡೊಡನೆ ಅವು ಓಡಿಬರುವವರೆಗೂ ಕೋಳಿ ಆಟ ನಿಲ್ಲಿಸಲಿಲ್ಲ.

ಮರುದಿನ ಅಂಗಳದಲ್ಲಿ ನಿಜವಾದ ಹದ್ದಿನ ನೆರಳು ಸುಳಿಯಿತು. ರೆಪ್ಪೆ ಬಡಿಯುವಷ್ಟರಲ್ಲಿ ಮರಿಗಳೆಲ್ಲ ರೆಕ್ಕೆಯಡಿ ಇದ್ದವು. ಸೂರಿನ ಮೇಲಿದ್ದ ಕಾಗೆಗೆ ಕೂಗಬೇಕೆಂದು ಹೊಳೆದದ್ದು ಹದ್ದು ಬರಿದೇ ಮರಳಿದ ಮೇಲೆ.